ಪತ್ತಿನ ಸಹಕಾರ ಸಂಘದ ಒಂದು ವರ್ಷ

ಬೇಸಾಯದಲ್ಲಿ ಖರ್ಚಿನ ಕಾಲವೇ ಬೇರೆ, ಆದಾಯದ ಕಾಲವೇ ಬೇರೆ. ಮುಂಗಾರು ಮಳೆ ಬಿದ್ದೊಡನೆ ಬೀಜ ಬೇಕು, ಗೊಬ್ಬರ ಬೇಕು. ಎತ್ತು ಸತ್ತಿದ್ದರೆ ಮತ್ತೊಂದನ್ನು ಕೊಳ್ಳಬೇಕು. ಕಳೆ ಕೀಳುವವರಿಗೆ ಕೂಲಿ ಕೊಡಬೇಕು. ಬೆಳೆ ಕಣಕ್ಕೆ ಬಂದು, ಮಾರಾಟವಾಗಿ, ಹಣ ಕೈಸೇರುವುದು ಸುಗ್ಗಿಯ ಅನಂತರ. ನಡುವಣ ಐದಾರು ತಿಂಗಳುಗಳನ್ನು ದಾಟುವುದಕ್ಕೆ ಹೆಚ್ಚಿನ ರೈತರಿಗೆ ಸಾಲವಲ್ಲದೆ ಬೇರೆ ದಾರಿಯಿಲ್ಲ. ಆದುದರಿಂದ ರೈತನ ಸಾಲವನ್ನೆಲ್ಲ ದುಂದುಗಾರಿಕೆಯ ಫಲವೆಂದು ತಿಳಿಯುವುದು ತಪ್ಪು. ಅದು ಅವನ ಕಸುಬಿನ ಸ್ವಭಾವದಲ್ಲಿಯೇ ಇದೆ. ಆ ಸಾಲ ಯಾರಿಂದ, ಯಾವ ಬಡ್ಡಿಗೆ ದೊರೆಯುತ್ತದೆ ಎಂಬುದೇ ಮುಖ್ಯ ಪ್ರಶ್ನೆ.

ಹಿಂದೆ ಹಳ್ಳಿಯಲ್ಲಿ ಈ ಪ್ರಶ್ನೆಗೆ ಇದ್ದುದು ಒಂದೇ ಉತ್ತರ: ಸಾಹುಕಾರ. ಅವನು ಕರೆದಾಗ ಸಿಗುತ್ತಿದ್ದ, ಹೆಚ್ಚು ಕಾಗದಪತ್ರ ಕೇಳುತ್ತಿರಲಿಲ್ಲ, ಮದುವೆಗೂ ತಿಥಿಗೂ ಹಣ ಕೊಡುತ್ತಿದ್ದ. ಇವು ಸಣ್ಣ ಅನುಕೂಲಗಳಲ್ಲ. ಆದರೆ ಬಡ್ಡಿ ಅಸಲಿಗೆ ಸೇರಿ, ಅದರ ಮೇಲೆ ಮತ್ತೆ ಬಡ್ಡಿ ಬೆಳೆದು, ಕೊನೆಗೆ ಹೊಲವೇ ಕೈಬಿಡುತ್ತಿತ್ತು. 1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸೂಪೆ ಎಂಬ ಊರಿನ ರೈತರು ದಂಗೆಯೆದ್ದು ಸಾಹುಕಾರರ ಸಾಲಪತ್ರಗಳನ್ನು ಕಸಿದು ಸುಟ್ಟುಹಾಕಿದರು. ದಂಗೆ ನೆರೆಯ ಅಹಮದನಗರ ಜಿಲ್ಲೆಗೂ ಹಬ್ಬಿತು. ಪತ್ರಗಳೇನೋ ಸುಟ್ಟವು, ಆದರೆ ಮುಂದಿನ ಮಳೆಗಾಲಕ್ಕೆ ಬೀಜದ ಹಣ ಎಲ್ಲಿಂದ ತರುವುದು? ಸಾಹುಕಾರನನ್ನು ಓಡಿಸುವುದರಿಂದ ಸಾಲದ ಅಗತ್ಯ ಓಡಿಹೋಗುವುದಿಲ್ಲವಷ್ಟೆ.

ಈ ಸಮಸ್ಯೆಗೆ ಪರಿಹಾರವನ್ನು ಅರಸುತ್ತ ಮದರಾಸು ಸರಕಾರವು 1892ರಲ್ಲಿ ಫ್ರೆಡರಿಕ್ ನಿಕಲ್ಸನ್ ಎಂಬ ಅಧಿಕಾರಿಯನ್ನು ಯೂರೋಪಿನ ಕೃಷಿ ಬ್ಯಾಂಕುಗಳ ಅಧ್ಯಯನಕ್ಕೆ ನಿಯೋಜಿಸಿತು. 1895ರಲ್ಲಿಯೂ 1897ರಲ್ಲಿಯೂ ಆತನು ಸಲ್ಲಿಸಿದ ದೀರ್ಘವಾದ ವರದಿಯ ತಾತ್ಪರ್ಯ ಬಹಳ ಚಿಕ್ಕದು: ಈ ದೇಶಕ್ಕೆ ಬೇಕಾಗಿರುವುದು ರೈಫೈಸೆನ್‌ನಂಥ ಒಬ್ಬ ಮನುಷ್ಯ.

ಯಾರು ಈ ರೈಫೈಸೆನ್? ಫ್ರೀಡ್ರಿಕ್ ವಿಲ್ಹೆಲ್ಮ್ ರೈಫೈಸೆನ್ 1818ರಲ್ಲಿ ಜರ್ಮನಿಯಲ್ಲಿ ಹುಟ್ಟಿದವನು. ವೈಯರ್‌ಬುಷ್ ಎಂಬ ಬಡ ಪ್ರದೇಶದ ಮೇಯರನಾಗಿದ್ದಾಗ, 1846-47ರ ಚಳಿಗಾಲದಲ್ಲಿ ಅಲ್ಲಿ ಭೀಕರ ಕ್ಷಾಮ ತಲೆದೋರಿತು. ರೈಫೈಸೆನ್ ಊರಿನ ಉಳ್ಳವರಿಂದ ಹಣ ಕೂಡಿಸಿ, ಧಾನ್ಯ ತರಿಸಿ, ರೊಟ್ಟಿ ಸುಡಿಸಿ, ಬಡವರಿಗೆ ಕಡಮೆ ಬೆಲೆಗೆ, ಕೈಯಲ್ಲಿ ಕಾಸಿಲ್ಲದವರಿಗೆ ಕಡವಾಗಿ ಹಂಚಿದನು. ಮುಂದೆ ಫ್ಲಾಮರ್ಸ್‌ಫೆಲ್ಡ್ ಎಂಬಲ್ಲಿಗೆ ವರ್ಗವಾದಾಗಲೂ ಧನಿಕರ ನೆರವಿನಿಂದಲೇ ಒಂದು ಸಂಘ ಕಟ್ಟಿ ರೈತರಿಗೆ ದನಗಳನ್ನು ಕೊಳ್ಳಲು ಸಹಾಯ ಮಾಡಿದನು. ಹೆಡ್ಡೆಸ್‌ಡಾರ್ಫ್ ಎಂಬಲ್ಲಿ 1854ರಲ್ಲಿ ಮತ್ತೊಂದು ಸಂಘ ಹುಟ್ಟಿತು. ಅದೂ ಉಪಕಾರಬುದ್ಧಿಯದೇ. ಆದರೆ ವರ್ಷಗಳು ಕಳೆದಂತೆ ಒಂದು ಸಂಗತಿ ಅವನಿಗೆ ಮನದಟ್ಟಾಯಿತು. ಕೊಡುವವರು ಬೇರೆ, ಪಡೆಯುವವರು ಬೇರೆಯಾಗಿರುವವರೆಗೆ ಸಂಘ ಬಾಳುವುದಿಲ್ಲ. ಕೊಡುವವರ ಉತ್ಸಾಹ ಕ್ಷಾಮ ಮುಗಿಯುತ್ತಲೇ ಕುಗ್ಗುತ್ತದೆ. ಪಡೆಯುವವರಿಗೆ ಅದು ತಮ್ಮದೆನ್ನಿಸುವುದಿಲ್ಲ. 1864ರಲ್ಲಿ ಅವನು ಹೆಡ್ಡೆಸ್‌ಡಾರ್ಫ್ ಸಂಘದ ರೂಪವನ್ನೇ ಬದಲಿಸಿದನು. ಸಾಲ ಬೇಕಾದವನು ಮೊದಲು ಸದಸ್ಯನಾಗಬೇಕು. ಸಂಘದ ಹೊಣೆಯಲ್ಲಿ ಪಾಲುಗಾರನಾಗಬೇಕು. ಅಂದಿನಿಂದ ಸಾಲಗಾರನೇ ಸಂಘದ ಒಡೆಯನೂ ಆದನು. ವರ್ಷಗಳು ಕಳೆದಂತೆ ರೈಫೈಸೆನ್‌ನ ಕಣ್ಣು ಬಹುಮಟ್ಟಿಗೆ ಮಂಜಾಯಿತು. ಮಗಳು ಅಮಾಲಿಯಳ ನೆರವಿನಿಂದ ಅವನು ಕೆಲಸ ಮುಂದುವರಿಸಿದನು. 1888ರಲ್ಲಿ ಅವನು ತೀರಿಕೊಳ್ಳುವ ವೇಳೆಗೆ ಅವನ ಮಾದರಿಯ ಸಂಘಗಳು ಜರ್ಮನಿಯ ಹಳ್ಳಿಹಳ್ಳಿಗಳಲ್ಲಿ ಹರಡಿದ್ದವು.

ಭಾರತದಲ್ಲಿ ಇದೇ ತತ್ತ್ವದ ಮೇಲೆ 1904ರಲ್ಲಿ ಪತ್ತಿನ ಸಹಕಾರ ಸಂಘಗಳ ಕಾಯಿದೆ ಜಾರಿಗೆ ಬಂದಿತು. 'ಪತ್ತು' ಎಂದರೆ ವ್ಯವಹಾರದಲ್ಲಿ ಒಬ್ಬರ ಮೇಲೆ ಇನ್ನೊಬ್ಬರಿಗಿರುವ ನಂಬಿಕೆ. ಒಬ್ಬೊಬ್ಬನಾಗಿ ನಿಂತ ಬಡ ರೈತನಿಗೆ ಪೇಟೆಯಲ್ಲಿ ಪತ್ತು ಇಲ್ಲ. ಹಲವರು ಒಬ್ಬರಿಗೊಬ್ಬರು ಹೊಣೆಯಾಗಿ ನಿಂತರೆ ಪತ್ತು ಹುಟ್ಟುತ್ತದೆ. ಕನಿಷ್ಠ ಹತ್ತು ಜನ ಸೇರಿ ಸಂಘ ಕಟ್ಟಬಹುದೆಂದು ಕಾಯಿದೆ ಹೇಳಿತು. ಹಳ್ಳಿಯ ಸಂಘಗಳಲ್ಲಿ ಸದಸ್ಯರ ಹೊಣೆಗಾರಿಕೆ ಸಾಮಾನ್ಯವಾಗಿ ಅಪರಿಮಿತವಾಗಿರಬೇಕೆಂದು ವಿಧಿಸಿತು. ಅಂದರೆ ಸಂಘ ಮುಳುಗಿದರೆ ಪ್ರತಿಯೊಬ್ಬ ಸದಸ್ಯನೂ ತನ್ನ ಷೇರಿನ ಮಟ್ಟಿಗಲ್ಲ, ತನ್ನ ಸಮಸ್ತ ಆಸ್ತಿಯ ಮಟ್ಟಿಗೂ ಬಾಧ್ಯನು. ಈ ನಿಯಮ ಕಠಿಣವೆಂದು ತೋರಬಹುದು. ಆದರೆ ನೆರೆಯವನು ಎತ್ತಿಗೆಂದು ತಂದ ಸಾಲವನ್ನು ಎತ್ತಿಗೇ ಬಳಸಿದನೆ, ಜಾತ್ರೆಯಲ್ಲಿ ಕಳೆದನೆ ಎಂದು ಊರೆಲ್ಲ ಕಣ್ಣಿಟ್ಟು ನೋಡುವಂತೆ ಮಾಡಿದುದೂ ಈ ನಿಯಮವೇ.

ಈ ಕಾಯಿದೆಯ ಮೇರೆಗೆ 1905ರಲ್ಲಿ ಗದಗಿನ ಸಮೀಪದ ಕಣಗಿನಹಾಳದಲ್ಲಿ ಒಂದು ಸಂಘ ನೋಂದಣಿಯಾಯಿತು. ಅಂದು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದ ಈ ಹಳ್ಳಿ 1997ರಿಂದ ಗದಗ ಜಿಲ್ಲೆಯಲ್ಲಿದೆ. ಮುಂಬಯಿ ಪ್ರಾಂತದಲ್ಲಿ ಮೊಟ್ಟಮೊದಲು ನೋಂದಣಿಯಾದ ಪತ್ತಿನ ಸಂಘ ಇದೇ. ಇದನ್ನು ಕಟ್ಟಿದ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರನ್ನು ಕನ್ನಡನಾಡು ಸಹಕಾರದ ಪಿತಾಮಹರೆಂದು ಗೌರವಿಸುತ್ತದೆ. ಅದೇ ವರ್ಷ ಮೈಸೂರು ಸಂಸ್ಥಾನವೂ ತನ್ನದೇ ಆದ ಸಹಕಾರ ಕಾನೂನನ್ನು ಮಾಡಿತು.

ಇಂಥ ಸಂಘವೊಂದು ವರ್ಷದಿಂದ ವರ್ಷಕ್ಕೆ ಹೇಗೆ ಬೆಳೆಯುತ್ತದೆ? ಇದನ್ನು ತಿಳಿಯಲು ಒಂದು ಸಂಘವನ್ನು ಕಲ್ಪಿಸಿಕೊಂಡು ಅದರ ಲೆಕ್ಕವನ್ನು ನೋಡೋಣ. ಒಂದು ಊರಿನಲ್ಲಿ 200 ಜನ ಸದಸ್ಯರು. ತಲಾ 1,000 ರೂಪಾಯಿಯ ಷೇರು ಕೊಂಡಿದ್ದಾರೆ. ಷೇರು ಬಂಡವಾಳ 2 ಲಕ್ಷ ರೂಪಾಯಿ. ಉಳಿತಾಯ ಮಾಡಿದವರು ಇಟ್ಟ ಠೇವಣಿ 8 ಲಕ್ಷ. ಎರಡೂ ಸೇರಿ 10 ಲಕ್ಷ. ಠೇವಣಿದಾರರು ಯಾವಾಗಲಾದರೂ ಬಂದು ಕೇಳಬಹುದಾದುದರಿಂದ 1 ಲಕ್ಷವನ್ನು ಕೈಯಲ್ಲಿಟ್ಟುಕೊಂಡು, ಉಳಿದ 9 ಲಕ್ಷವನ್ನು 180 ಜನರಿಗೆ ತಲಾ 5,000ದಂತೆ ನೂರಕ್ಕೆ 10ರ ಬಡ್ಡಿಯಲ್ಲಿ ಸಾಲ ಕೊಡಲಾಗಿದೆ.

ಠೇವಣಿಯ ವಿಷಯದಲ್ಲಿ ಒಂದು ಮಾತನ್ನು ಇಲ್ಲಿಯೇ ಹೇಳಬೇಕು. ದೊಡ್ಡ ಮೊತ್ತಗಳಿಗಾಗಿ ಕಾಯುವ ಸಂಘ ಬೆಳೆಯುವುದಿಲ್ಲ. ನಮ್ಮ ಪತ್ತಿನ ಸಂಘಗಳಂಥವೇ ಉತ್ತರ ಅಮೆರಿಕದಲ್ಲಿಯೂ ಇವೆ. ಅಲ್ಲಿ ಅವನ್ನು ಕ್ರೆಡಿಟ್ ಯೂನಿಯನ್ ಎನ್ನುತ್ತಾರೆ. ಅವುಗಳಲ್ಲಿ ಮೊದಲನೆಯದು ಕೆನಡದ ಲೆವಿ ಎಂಬ ಊರಿನಲ್ಲಿ ಅಲ್ಫೋನ್ಸ್ ದೆಜಾರ್ದಾನ್ ಎಂಬಾತನು 1900ರ ಡಿಸೆಂಬರಿನಲ್ಲಿ ಕಟ್ಟಿದುದು. 1901ರ ಜನವರಿಯಲ್ಲಿ ಅದು ಹಣ ಪಡೆಯತೊಡಗಿದಾಗ ಬಂದ ಮೊದಲ ಠೇವಣಿ 10 ಸೆಂಟು, ಅಂದರೆ ಒಂದು ಡಾಲರಿನ ಹತ್ತನೆಯ ಒಂದು ಭಾಗ. ಆರಂಭದ ವರ್ಷಗಳಲ್ಲಿ ಅದರ ಕಚೇರಿ ಅವನ ಮನೆಯೇ. ಅವನು ಉದ್ಯೋಗನಿಮಿತ್ತ ರಾಜಧಾನಿಗೆ ಹೋದಾಗ ಹೆಂಡತಿ ದೊರಿಮೆನ್ ವ್ಯವಹಾರವನ್ನು ನೋಡಿಕೊಳ್ಳುತ್ತಿದ್ದಳು. ಹನಿಹನಿ ಕೂಡಿದರೆ ಹಳ್ಳವೆಂಬುದು ಎಲ್ಲ ದೇಶಗಳ ಅನುಭವ.

ಈಗ ವರ್ಷ ಮುಗಿದು ಮಾರ್ಚ್ 31 ಬಂದಿತೆನ್ನೋಣ. ಸಾಲಗಾರರಿಂದ ಬಂದ ಬಡ್ಡಿ 90,000 ರೂಪಾಯಿ. ಠೇವಣಿದಾರರಿಗೆ ನೂರಕ್ಕೆ 7ರಂತೆ ಕೊಡಬೇಕಾದ ಬಡ್ಡಿ 56,000. ಉಳಿದ 34,000ದಲ್ಲಿ ಕಾರ್ಯದರ್ಶಿಯ ಸಂಬಳ, ಬಾಡಿಗೆ, ದಫ್ತರು ಮೊದಲಾದ ಖರ್ಚಿಗೆ 18,000 ಹೋದರೆ ನಿವ್ವಳ ಲಾಭ 16,000. ಇದರಲ್ಲಿ ಕಾಲು ಭಾಗ, ಎಂದರೆ 4,000, ಆಪದ್ಧನ ನಿಧಿಗೆ ಸೇರಬೇಕು. ಕರ್ನಾಟಕದ 1959ರ ಸಹಕಾರ ಸಂಘಗಳ ಕಾಯಿದೆಯ ನಿಯಮವೂ ಹೀಗೆಯೇ ಇದೆ. ಷೇರುದಾರರಿಗೆ ನೂರಕ್ಕೆ 5ರಂತೆ ಲಾಭಾಂಶ ಹಂಚಿದರೆ 10,000 ಆಯಿತು. ಉಳಿದ 2,000 ಶಿಕ್ಷಣವೇ ಮೊದಲಾದ ಇತರ ನಿಧಿಗಳಿಗೆ.

ಆಪದ್ಧನ ನಿಧಿ ಸಂಘದ ಬೆನ್ನೆಲುಬು. ಅದು ಯಾವೊಬ್ಬ ಸದಸ್ಯನದೂ ಅಲ್ಲ. ಸಂಘ ಬಿಟ್ಟು ಹೋಗುವವನಿಗೆ ಅವನ ಷೇರಿನ ಹಣ ಮರಳುತ್ತದೆಯೇ ಹೊರತು ಈ ನಿಧಿಯಲ್ಲಿ ಪಾಲು ಸಿಗುವುದಿಲ್ಲ. ಅದಕ್ಕೆ ಬಡ್ಡಿ ಕೊಡಬೇಕಾಗಿಲ್ಲ, ಲಾಭಾಂಶ ಕೊಡಬೇಕಾಗಿಲ್ಲ. ವರ್ಷಕ್ಕೆ 4,000ದಂತೆ ಹತ್ತು ವರ್ಷಗಳಲ್ಲಿ ಅದು 40,000 ಆಗುತ್ತದೆ. ಬರಗಾಲದಲ್ಲಿ ಸಾಲ ಹಿಂದಿರುಗದಿದ್ದರೆ ಸಂಘವನ್ನು ಎತ್ತಿಹಿಡಿಯುತ್ತದೆ. ತಾತ ಕೂಡಿಟ್ಟ ನಿಧಿ ಮೊಮ್ಮಗನ ಸಾಲದ ಬಡ್ಡಿಯನ್ನು ಇಳಿಸುವುದೂ ಹೀಗೆಯೇ. 1904ರ ಕಾಯಿದೆಯಂತೂ ಅಪರಿಮಿತ ಹೊಣೆಯ ಹಳ್ಳಿ ಸಂಘಗಳಲ್ಲಿ ಮೊದಮೊದಲು ಲಾಭವನ್ನೆಲ್ಲ ನಿಧಿಗೇ ಸೇರಿಸಬೇಕೆಂದು ಕಟ್ಟುಮಾಡಿತ್ತು.

ಹಾಗಾದರೆ ಲಾಭ ಹೆಚ್ಚಿದಷ್ಟೂ ಸಂಘ ಬೆಳೆಯಿತೆಂದು ಹೇಳಬಹುದೇ? ಹೇಳಲಾಗದು. ಪತ್ತಿನ ಸಂಘದ ಲಾಭ ಹೊರಗಿನವರಿಂದ ಬಂದುದಲ್ಲ. ಅದು ಸದಸ್ಯರೇ ತೆತ್ತ ಬಡ್ಡಿ. ಲಾಭ ವಿಪರೀತವಾಗಿದ್ದರೆ, ಸಾಲಗಾರ ಸದಸ್ಯನಿಂದ ಅನಾವಶ್ಯಕವಾಗಿ ಹೆಚ್ಚು ಕಿತ್ತುಕೊಂಡಂತೆಯೂ ಆಗಬಹುದು. ಸಂಘದ ನಿಜವಾದ ಫಲವನ್ನು ಕಾಣಬೇಕಾದರೆ ಇನ್ನೊಂದು ಲೆಕ್ಕ ಹಾಕಬೇಕು. ನಮ್ಮ 180 ಸಾಲಗಾರರು ಸಂಘವಿಲ್ಲದಿದ್ದರೆ ಖಾಸಗಿಯವರಲ್ಲಿ ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿಗೆ ಸಾಲ ತರುತ್ತಿದ್ದರೆನ್ನೋಣ. ತಿಂಗಳಿಗೆ ಮೂರು ಎಂದರೆ ಕಿವಿಗೆ ಅಲ್ಪವಾಗಿ ಕೇಳಿಸುತ್ತದೆ. ವರ್ಷಕ್ಕೆ ಅದು ನೂರಕ್ಕೆ 36. ಐದು ಸಾವಿರಕ್ಕೆ 1,800 ರೂಪಾಯಿ. ಸಂಘದಲ್ಲಿ ಕೊಟ್ಟುದು 500. ಪ್ರತಿ ಮನೆಯಲ್ಲಿ 1,300 ರೂಪಾಯಿ ಉಳಿಯಿತು. 180 ಮನೆಗಳಲ್ಲಿ 2,34,000. ಈ ಮೊತ್ತ ಸಂಘದ ಯಾವ ಪುಸ್ತಕದಲ್ಲಿಯೂ ಕಾಣುವುದಿಲ್ಲ, ಲೆಕ್ಕಪರಿಶೋಧಕರು ಅದಕ್ಕೆ ರುಜು ಹಾಕುವುದಿಲ್ಲ. ಅದು ಮಗನ ಶಾಲೆಯ ಶುಲ್ಕವಾಗಿ, ಸೂರಿನ ಹೆಂಚಾಗಿ, ಮಾರದೆ ಉಳಿದ ಹಸುವಾಗಿ ಊರಿನಲ್ಲಿ ಹರಡಿಕೊಂಡಿರುತ್ತದೆ. ಹದಿನಾರು ಸಾವಿರದ ಲಾಭ ಇದರ ಮುಂದೆ ಎಷ್ಟರದು!

ಆದರೆ ಈ ಕಟ್ಟಡವೆಲ್ಲ ನಿಂತಿರುವುದು ಒಂದೇ ಕಂಬದ ಮೇಲೆ: ಪಡೆದ ಸಾಲ ಕಾಲಕ್ಕೆ ಸರಿಯಾಗಿ ಹಿಂದಿರುಗಬೇಕು. ಹಿಂದಿರುಗದ ಸಾಲಕ್ಕೆ ಸುಸ್ತಿ ಎಂದು ಹೆಸರು. 180ರಲ್ಲಿ 18 ಜನ ಮಾತ್ರ ಅಸಲನ್ನೂ ಬಡ್ಡಿಯನ್ನೂ ಕೊಡಲಿಲ್ಲವೆಂದಿಟ್ಟುಕೊಳ್ಳಿ. ಬರಬೇಕಾದ ಬಡ್ಡಿಯಲ್ಲಿ 9,000 ಬಾರದು. ಠೇವಣಿದಾರರಿಗೆ ಕೊಡುವ 56,000ವಾಗಲಿ, ಕಾರ್ಯದರ್ಶಿಯ ಸಂಬಳವಾಗಲಿ ಅದಕ್ಕಾಗಿ ಕಡಮೆಯಾಗುವುದಿಲ್ಲ. 16,000ವಿದ್ದ ಲಾಭ 7,000ಕ್ಕೆ ಇಳಿಯುತ್ತದೆ. ಹತ್ತರಲ್ಲಿ ಒಬ್ಬನು ತಪ್ಪಿದರೆ ಲಾಭ ಅರ್ಧಕ್ಕಿಂತ ಕೆಳಗೆ! ಅಸಲಿನ 90,000 ಸಿಕ್ಕಿಬಿದ್ದುದರಿಂದ, ಮುಂದಿನ ಮುಂಗಾರಿಗೆ 18 ಜನರಿಗೆ ಸಂಘದಲ್ಲಿ ಸಾಲವಿಲ್ಲ. ಅವರು ಮತ್ತೆ ತಿಂಗಳಿಗೆ ಮೂರರ ಬಡ್ಡಿಯವನ ಬಾಗಿಲಿಗೆ ಹೋಗಬೇಕು. ಸುಸ್ತಿದಾರನು ವಂಚಿಸುವುದು ಸಂಘವೆಂಬ ಹೆಸರಿನ ಹಲಗೆಯನ್ನಲ್ಲ, ಸರದಿಯಲ್ಲಿ ತನ್ನ ಹಿಂದೆ ನಿಂತವನನ್ನು. ಮಳೆ ಕೈಕೊಟ್ಟು ತೀರಿಸಲಾಗದವನ ಮಾತು ಬೇರೆ. ಅವನಿಗೆ ಗಡುವನ್ನು ಮುಂದೂಡುವುದೇ ನ್ಯಾಯ. ಕೈಯಲ್ಲಿದ್ದೂ ಕೊಡದವನೇ ಸಂಘಕ್ಕೆ ಗೆದ್ದಲು. ಅಂಥವರು ಎಷ್ಟೋ ವೇಳೆ ಬಡವರಲ್ಲ, ಊರಿನ ಪ್ರಮುಖರೇ ಆಗಿರುತ್ತಾರೆ.

ಇದು ಬರಿಯ ಊಹೆಯ ಭಯವಲ್ಲ. ರಿಸರ್ವ್ ಬ್ಯಾಂಕು 1951-52ರಲ್ಲಿ ಗ್ರಾಮೀಣ ಸಾಲದ ಬಗೆಗೆ ದೇಶವ್ಯಾಪಿ ಸಮೀಕ್ಷೆ ನಡೆಸಿತು, ಎ. ಡಿ. ಗೋರವಾಲರ ಅಧ್ಯಕ್ಷತೆಯ ಸಮಿತಿಯ ವರದಿ 1954ರಲ್ಲಿ ಹೊರಬಂದಿತು. ಸಹಕಾರದ ಕಾಯಿದೆ ಬಂದು ಅರ್ಧ ಶತಮಾನ ಕಳೆದಿದ್ದರೂ, ರೈತರು ಪಡೆದ ಸಾಲದಲ್ಲಿ ಸಹಕಾರ ಸಂಘಗಳ ಪಾಲು ನೂರಕ್ಕೆ ಸುಮಾರು 3 ಮಾತ್ರ. ಬಡ್ಡಿ ವ್ಯವಹಾರದವರ ಪಾಲು ಸುಮಾರು 70. ಸಂಘಗಳ ಸಂಖ್ಯೆ ಬೆಳೆದಿತ್ತು, ಅವು ಸದಸ್ಯರಿಗೆ ಸಲ್ಲಿಸುವ ಸೇವೆ ಬೆಳೆದಿರಲಿಲ್ಲ. ಅನಂತರ ಸರಕಾರವೇ ಷೇರು ಹಣ ಹಾಕಿತು, ಬಡ್ಡಿಯ ಹೊರೆಯನ್ನು ಹಂಚಿಕೊಂಡಿತು. ಕರ್ನಾಟಕದಲ್ಲಿ ಕಾಲಕ್ಕೆ ಸರಿಯಾಗಿ ಮರುಪಾವತಿ ಮಾಡುವ ರೈತರಿಗೆ ಬಡ್ಡಿಯಿಲ್ಲದೆಯೇ ಬೆಳೆಸಾಲ ದೊರೆಯುವ ಏರ್ಪಾಡೂ ಬಂದಿತು. ಇದರಿಂದ ಸಂಘಗಳಿಗೆ ಬಲ ಬಂದುದು ನಿಜ. ಹೊರಗಿನ ಹಣ ಹೆಚ್ಚಿದಾಗ ಸಂಘ ತಮ್ಮದೆಂಬ ಭಾವನೆ ಸದಸ್ಯರಲ್ಲಿ ತೆಳುವಾಗುವುದೂ ಅಷ್ಟೇ ನಿಜ. ರೈಫೈಸೆನ್ 1864ರಲ್ಲಿ ಎದುರಿಸಿದ್ದು ಇದೇ ತೊಡಕನ್ನು.

ಈ ಎಲ್ಲ ಸಂಗತಿಗಳೂ ವರ್ಷಕ್ಕೊಮ್ಮೆ ಬಯಲಿಗೆ ಬರುವ ಸ್ಥಳ ಸರ್ವಸದಸ್ಯರ ವಾರ್ಷಿಕ ಸಭೆ. ಅಲ್ಲಿ ಒಬ್ಬನಿಗೆ ಒಂದೇ ಮತ. ನೂರು ಷೇರು ಉಳ್ಳವನಿಗೂ ಒಂದು, ಒಂದೇ ಷೇರಿನ ವಿಧವೆಗೂ ಒಂದು. ಅಧ್ಯಕ್ಷರು ವರದಿ ಓದುತ್ತಾರೆ. ಆಸ್ತಿ-ಜವಾಬ್ದಾರಿಗಳ ತಃಖ್ತೆ, ಲಾಭ-ನಷ್ಟದ ಪತ್ರಿಕೆ, ಲೆಕ್ಕಪರಿಶೋಧಕರ ಟಿಪ್ಪಣಿ ಸಭೆಯ ಮುಂದೆ ಬರುತ್ತವೆ. ಬಹಳ ಜನ ಲಾಭಾಂಶ ಎಷ್ಟೆಂದು ಕೇಳಿಕೊಂಡು, ಚಹಾ ಕುಡಿದು ಎದ್ದುಹೋಗುತ್ತಾರೆ. ಆದರೆ ತಿಳಿದವನು ಕುಳಿತು ಬೇರೆ ಪುಟಗಳನ್ನು ತಿರುವಿಹಾಕುತ್ತಾನೆ. ಈ ವರ್ಷ ಹೊಸದಾಗಿ ಸೇರಿದವರು ಎಷ್ಟು ಜನ? ಅವರಲ್ಲಿ ಸಣ್ಣ ಹಿಡುವಳಿದಾರರು, ಹೆಂಗಸರು ಎಷ್ಟು? ಸಾಲ ಸಿಕ್ಕಿದ್ದು ಎಷ್ಟು ಮನೆಗಳಿಗೆ? ಆಪದ್ಧನ ನಿಧಿ ಹೋದ ವರ್ಷಕ್ಕಿಂತ ಎಷ್ಟು ಏರಿದೆ? ಕೊನೆಗೆ ಎದ್ದು ನಿಂತು, ಸುಸ್ತಿದಾರರ ಪಟ್ಟಿಯನ್ನು ಹೆಸರು ಹಿಡಿದು ಓದಿರೆಂದು ಅಧ್ಯಕ್ಷರನ್ನು ಕೇಳುತ್ತಾನೆ. ಆಗ ಸಭೆಯಲ್ಲಿ ಕೆಲವರ ತಲೆ ತಗ್ಗುತ್ತದೆ, ಕಾರ್ಯದರ್ಶಿ ಪಟ್ಟಿಯನ್ನು ಹುಡುಕತೊಡಗುತ್ತಾರೆ.