ಕೋಟೆಯೊಳಗೊಂದು ಕೊಠಡಿ: ಸ್ಪೇನಿನ ಪರಾದೋರ್‌ಗಳು

ಸ್ಪೇನ್ ಸರ್ಕಾರದ ಒಡೆತನದಲ್ಲಿ ನೂರರ ಸಮೀಪ ಹೋಟೆಲುಗಳಿವೆ. ಅವುಗಳಲ್ಲಿ ಬಹಳಷ್ಟು ಒಂದು ಕಾಲಕ್ಕೆ ಕೋಟೆಯೋ ಅರಮನೆಯೋ ಕ್ರೈಸ್ತ ಸನ್ಯಾಸಿಗಳ ಮಠವೋ ಯಾತ್ರಿಕರ ಆಸ್ಪತ್ರೆಯೋ ಆಗಿದ್ದವು. ಪರಾದೋರ್ ಎಂಬ ಹೆಸರಿನ ಈ ಹೋಟೆಲುಗಳು 1928ರಿಂದ ನಡೆದುಬಂದಿವೆ. ಹಳೆಯ ಕಟ್ಟಡಕ್ಕೆ ಬೀಗ ಹಾಕಿ ಕಾವಲು ಕೂರಿಸುವ ಬದಲು, ಅಲ್ಲಿ ಒಲೆ ಹಚ್ಚಿ ಹಾಸಿಗೆ ಹಾಸಿದರೆ ಅದು ಹೆಚ್ಚು ಕಾಲ ಬಾಳುತ್ತದೆ ಎಂಬ ನಂಬಿಕೆಯ ಮೇಲೆ ಈ ವ್ಯವಸ್ಥೆ ನಿಂತಿದೆ. ಜಗತ್ತಿನಲ್ಲಿ ನೆನಪಿಡಬೇಕಾದ ತಂಗುದಾಣಗಳ ಪಟ್ಟಿ ಮಾಡುವವರು ಖಾಸಗಿ ಐಷಾರಾಮದ ಹೋಟೆಲುಗಳನ್ನೇ ಮೊದಲು ಹೆಸರಿಸುತ್ತಾರೆ. ಒಂದು ದೇಶ ತನ್ನ ಚರಿತ್ರೆಯ ಕಟ್ಟಡಗಳನ್ನೇ ಅತಿಥಿಗಳಿಗೆ ತೆರೆದಿಟ್ಟ ಈ ಪ್ರಯೋಗ ಆ ಪಟ್ಟಿಯ ಮೇಲ್ಭಾಗದಲ್ಲಿರಲು ಅರ್ಹವಾದದ್ದು.

ಇದರ ಹಿಂದಿದ್ದವರು ಬೆನಿಗ್ನೊ ದೆ ಲಾ ವೆಗಾ-ಇಂಕ್ಲಾನ್ ಎಂಬ ಶ್ರೀಮಂತ ಮನೆತನದ ಕಲಾಪ್ರೇಮಿ. ಟೊಲೆಡೊ ನಗರದಲ್ಲಿ ಚಿತ್ರಕಾರ ಎಲ್ ಗ್ರೆಕೊ ಹೆಸರಿನ ವಸ್ತುಸಂಗ್ರಹಾಲಯವನ್ನು ಕಟ್ಟಿದವರೂ ಇವರೇ. 1911ರಲ್ಲಿ ಸರ್ಕಾರ ಇವರನ್ನು ಪ್ರವಾಸೋದ್ಯಮದ ರಾಜ ಪ್ರತಿನಿಧಿಯಾಗಿ ನೇಮಿಸಿತು. ಮ್ಯಾಡ್ರಿಡ್‌ನಲ್ಲೂ ಉತ್ತರದ ಕಡಲತೀರದಲ್ಲೂ ಆಗ ಒಳ್ಳೆಯ ಹೋಟೆಲುಗಳಿದ್ದವು. ದೇಶದ ಒಳನಾಡಿನಲ್ಲಿ ಮಾತ್ರ ಮಲಗಲು ಯೋಗ್ಯವಾದ ಜಾಗ ಸಿಗುವುದು ಕಷ್ಟವಾಗಿತ್ತು. 1926ರಲ್ಲಿ ಮೋಟಾರು ವಾಹನಗಳಿಗೆ ತಕ್ಕ ರಸ್ತೆಗಳನ್ನು ಕಟ್ಟುವ ದೊಡ್ಡ ಯೋಜನೆ ಶುರುವಾಯಿತು. ರಸ್ತೆ ಬಂದರೂ ತಂಗಲು ನೆಲೆಯಿಲ್ಲದಿದ್ದರೆ ಪ್ರವಾಸಿಗ ಬರಲಾರ. ಖಾಸಗಿಯವರು ಹಣ ಹೂಡಲು ಮನಸ್ಸು ಮಾಡದ ಕಡೆ ಸರ್ಕಾರವೇ ಹೋಟೆಲು ತೆರೆಯಬೇಕೆಂಬುದು ವೆಗಾ-ಇಂಕ್ಲಾನ್ ಅವರ ವಾದ.

ಮೊದಲ ಪರಾದೋರ್ ಎದ್ದುನಿಂತದ್ದು ಆವಿಲಾ ಪ್ರಾಂತ್ಯದ ಗ್ರೆದೋಸ್ ಪರ್ವತಶ್ರೇಣಿಯಲ್ಲಿ. ಅದರ ಜಾಗವನ್ನು ಆರಿಸಿದವನು ದೊರೆ ಹದಿಮೂರನೆಯ ಅಲ್ಫೊನ್ಸೊ. ಬೇಟೆಯ ಹುಚ್ಚಿನ ಈ ದೊರೆಗೆ ಗ್ರೆದೋಸ್ ಪರಿಚಿತ ನೆಲ. ಅಲ್ಲಿನ ಕಾಡುಮೇಕೆಗಳು ಅಳಿವಿನ ಅಂಚಿಗೆ ಬಂದಿದ್ದಾಗ, 1905ರಲ್ಲಿ, ಆ ಬೆಟ್ಟವನ್ನು ರಾಜನ ಬೇಟೆಗೆಂದು ಮೀಸಲಿಡಲಾಗಿತ್ತು. ಅದರಿಂದಲೇ ಆ ಪ್ರಾಣಿಸಂತತಿ ಉಳಿಯಿತು. 1928ರ ಅಕ್ಟೋಬರ್ 9ರಂದು ಹೋಟೆಲು ಬಾಗಿಲು ತೆರೆಯಿತು. ಐವತ್ತು ವರ್ಷಗಳ ಬಳಿಕ, ಸರ್ವಾಧಿಕಾರಿ ಫ್ರಾಂಕೊ ತೀರಿಕೊಂಡ ಮೇಲೆ, ಪ್ರಜಾಪ್ರಭುತ್ವದ ಹೊಸ ಸಂವಿಧಾನದ ಕರಡು ಸಿದ್ಧಪಡಿಸುತ್ತಿದ್ದವರು ರಾಜಧಾನಿಯ ಗದ್ದಲದಿಂದ ದೂರ ಕುಳಿತು ಚರ್ಚಿಸಿದ್ದು ಇದೇ ಪೈನ್ ಮರಗಳ ನಡುವಿನ ಕಲ್ಲುಕಟ್ಟಡದಲ್ಲಿ.

ಗ್ರೆದೋಸ್ ಹೊಸದಾಗಿ ಕಟ್ಟಿದ್ದು. ಪರಾದೋರ್‌ಗಳಿಗೆ ನಿಜವಾದ ಗುರುತು ತಂದುಕೊಟ್ಟದ್ದು ಹಳೆಯ ಕಟ್ಟಡಗಳ ಮರುಬಳಕೆ. ಅಷ್ಟೊಂದು ಕಟ್ಟಡಗಳು ಖಾಲಿ ಬಿದ್ದದ್ದಕ್ಕೂ ಒಂದು ಕಾರಣವಿದೆ. 1836ರಿಂದ ಮುಂದಕ್ಕೆ, ಮೆಂಡಿಜಾಬಲ್ ಮಂತ್ರಿಯಾಗಿದ್ದಾಗ ಆರಂಭವಾದ ಸುಧಾರಣೆಯಲ್ಲಿ, ಸರ್ಕಾರ ಚರ್ಚಿನ ಆಸ್ತಿಯನ್ನು ದೊಡ್ಡ ಪ್ರಮಾಣದಲ್ಲಿ ವಶಪಡಿಸಿಕೊಂಡಿತು. ಸನ್ಯಾಸಿಗಳು ಮಠಗಳಿಂದ ಹೊರನಡೆದರು. ಜಮೀನು ಹರಾಜಾಯಿತು. ಕಟ್ಟಡಗಳಲ್ಲಿ ಕೆಲವು ಸೈನಿಕರ ಬ್ಯಾರಕ್ಕಾದವು, ಕೆಲವು ಜೈಲಾದವು, ಇನ್ನು ಕೆಲವು ಉಗ್ರಾಣವಾಗಿ ಕಡೆಗೆ ಮಾಡು ಕುಸಿದವು. ಗಡಿಗಳು ಬದಲಾಗಿ ಯುದ್ಧದ ರೀತಿಯೂ ಬದಲಾದ ಮೇಲೆ ಕೋಟೆಗಳಿಗೆ ಕೆಲಸವಿರಲಿಲ್ಲ. ಅವುಗಳ ಒಡೆಯರು ಆಗಲೇ ನಗರ ಸೇರಿದ್ದರು. ಇಂಥ ಕಟ್ಟಡಗಳ ಪೈಕಿ ಮೊದಲು ಜೀವ ಪಡೆದದ್ದು 1930ರಲ್ಲಿ, ಟೊಲೆಡೊ ಪ್ರಾಂತ್ಯದ ಓರೋಪೆಸಾ ಕೋಟೆ. ಅದೇ ವರ್ಷ ದಕ್ಷಿಣದ ಉಬೆದಾ ಪಟ್ಟಣದ ಹದಿನಾರನೆಯ ಶತಮಾನದ ಅರಮನೆಯೊಂದೂ ಹೋಟೆಲಾಯಿತು. ಆಮೇಲೆ ಬಂದದ್ದು 1936ರಿಂದ 1939ರ ಅಂತರ್ಯುದ್ಧ. ಹಲವು ಪರಾದೋರ್‌ಗಳು ಆಸ್ಪತ್ರೆಗಳಾದವು, ಕೆಲವು ಹಾಳಾದವು.

ಯುದ್ಧಾನಂತರ, 1945ರಲ್ಲಿ, ಗ್ರನಾಡಾದ ಅಲ್ಹಂಬ್ರಾ ಆವರಣದೊಳಗಿನ ಸಂತ ಫ್ರಾನ್ಸಿಸ್ ಮಠ ಪರಾದೋರ್ ಆಯಿತು. ಅರಬ್ ದೊರೆಗಳ ಅರಮನೆಯಿದ್ದ ಜಾಗದಲ್ಲಿ ಹದಿನೈದನೆಯ ಶತಮಾನದ ಕೊನೆಗೆ ಕಟ್ಟಿದ ಮಠ ಇದು. 1504ರಲ್ಲಿ ತೀರಿಕೊಂಡ ರಾಣಿ ಇಸಬೆಲ್ಲಳ ದೇಹವನ್ನು ಮೊದಲು ಹೂಳಿದ್ದು ಇಲ್ಲಿಯೇ. 1521ರಲ್ಲಿ ಅದನ್ನು ನಗರದ ರಾಜ ಚಾಪೆಲ್‌ಗೆ ಒಯ್ಯಲಾಯಿತು. ಸಂಜೆ ಪ್ರವಾಸಿಗರ ಗುಂಪು ಕರಗಿದ ಮೇಲೂ ಇಲ್ಲಿನ ಅತಿಥಿಗಳು ಅಲ್ಹಂಬ್ರಾ ಗುಡ್ಡದ ಮೇಲೆಯೇ ಉಳಿಯುತ್ತಾರೆ. ಹಾಗಾಗಿ ಇದು ಪರಾದೋರ್‌ಗಳಲ್ಲೇ ಅತಿ ಬೇಡಿಕೆಯದು, ದುಬಾರಿಯದೂ ಹೌದು. ಆದರೆ ಒಂದೇ ಪರಾದೋರ್ ನೋಡಲು ಅವಕಾಶವಿರುವವರು ಗ್ರನಾಡಾಕ್ಕಿಂತ ಸಾಂತಿಯಾಗೊ ದೆ ಕಾಂಪೊಸ್ತೆಲಾವನ್ನು ಆರಿಸಿಕೊಳ್ಳುವುದು ಒಳ್ಳೆಯದು.

ವಾಯವ್ಯ ಸ್ಪೇನಿನ ಈ ಪಟ್ಟಣ ಸಂತ ಜೇಮ್ಸನ ಸಮಾಧಿಯ ನಂಬಿಕೆಯಿಂದ ಮಧ್ಯಯುಗದಿಂದಲೂ ಯಾತ್ರಾಸ್ಥಳ. 1486ರಲ್ಲಿ ಇಲ್ಲಿಗೆ ಬಂದ ಇಸಬೆಲ್ಲ ಮತ್ತು ಫರ್ಡಿನಾಂಡ್ ದಂಪತಿ, ನೂರಾರು ಮೈಲಿ ನಡೆದು ಬಳಲಿ ಬಂದವರಿಗೆ ಸರಿಯಾದ ಆಶ್ರಯವಿಲ್ಲದ್ದನ್ನು ಗಮನಿಸಿದರು. ಅವರ ಆಜ್ಞೆಯಂತೆ ಎನ್ರಿಕೆ ಎಗಾಸ್ ಎಂಬ ವಾಸ್ತುಶಿಲ್ಪಿಯ ಯೋಜನೆಯಲ್ಲಿ 1501ರಿಂದ ಆಸ್ಪತ್ರೆಯ ಕೆಲಸ ಆರಂಭವಾಯಿತು. ಕಟ್ಟಡದ ಒಳಗೆ ನಾಲ್ಕು ಅಂಗಳಗಳಿವೆ. ಮತ್ತಾಯ, ಮಾರ್ಕ, ಲೂಕ, ಯೋಹಾನ ಎಂದು ನಾಲ್ವರು ಸುವಾರ್ತೆಗಾರರ ಹೆಸರು ಅವುಗಳಿಗಿದೆ. ನಡುವೆ ಪ್ರಾರ್ಥನಾ ಮಂದಿರ. ಹಾಸಿಗೆ ಹಿಡಿದ ರೋಗಿಗಳಿಗೂ ಪೂಜೆ ಸಮೀಪದಲ್ಲೇ ದೊರೆಯುವಂಥ ವಿನ್ಯಾಸ ಅದು. ಇಪ್ಪತ್ತನೆಯ ಶತಮಾನದವರೆಗೂ ಆಸ್ಪತ್ರೆಯಾಗಿಯೇ ದುಡಿದ ಕಟ್ಟಡ 1954ರಲ್ಲಿ ಹೋಟೆಲಾಯಿತು. ಕೆಥೆಡ್ರಲ್ ಎದುರಿನ ವಿಶಾಲ ಚೌಕದ ಒಂದು ಬದಿಯನ್ನಿಡೀ ಅದು ತುಂಬಿಕೊಂಡಿದೆ. ದಿನವೂ ಯಾತ್ರೆ ಮುಗಿಸಿ ಬರುವವರಲ್ಲಿ ಮೊದಲ ಹತ್ತು ಮಂದಿಗೆ ಉಚಿತ ಊಟ ಕೊಡುವ ಪದ್ಧತಿ ಇಲ್ಲಿ ಉಳಿದುಬಂದಿದೆ. ದಾಸೋಹವನ್ನು ಬಲ್ಲ ಕನ್ನಡದವರಿಗೆ ಇದರ ಅರ್ಥ ವಿವರಿಸಬೇಕಿಲ್ಲ. ಹಣ ತೆತ್ತು ಉಳಿಯುವವರ ಹೋಟೆಲು ತಾನು ಹುಟ್ಟಿದ್ದು ಯಾರಿಗಾಗಿ ಎಂಬುದನ್ನು ಇಷ್ಟಾದರೂ ನೆನಪಿಟ್ಟುಕೊಂಡಿದೆ.

ಲೆಯೊನ್ ನಗರದ ಸಾನ್ ಮಾರ್ಕೋಸ್ ಕೂಡ ಯಾತ್ರೆಯ ಹಾದಿಯಲ್ಲೇ ಇದೆ. ಸುಮಾರು ನೂರು ಮೀಟರ್ ಉದ್ದದ ಅದರ ಮುಂಭಾಗದ ಕೆತ್ತನೆ ಸ್ಪೇನಿನ ಪುನರುಜ್ಜೀವನ ಕಾಲದ ಅತ್ಯುತ್ತಮ ಕೆಲಸಗಳಲ್ಲಿ ಒಂದು. ಕಲ್ಲಿನ ಮೇಲೆ ಅಕ್ಕಸಾಲಿಯ ಸೂಕ್ಷ್ಮತೆ ಕಾಣುತ್ತದೆ. ಅದೇ ಗೋಡೆಗಳ ಹಿಂದೆ ಕವಿ ಕೆವೆದೊ 1639ರಿಂದ ನಾಲ್ಕು ವರ್ಷ ಸೆರೆಯಲ್ಲಿದ್ದ. ಅಂತರ್ಯುದ್ಧದಲ್ಲಿ ಫ್ರಾಂಕೊ ಪಡೆಗಳು ಅದನ್ನು ಬಂದಿಗಳ ಶಿಬಿರವಾಗಿಸಿ ಸಾವಿರಾರು ಗಣರಾಜ್ಯವಾದಿಗಳನ್ನು ಕೂಡಿಹಾಕಿದವು. ಕಾಲು ಶತಮಾನದ ನಂತರ ಅಲ್ಲಿ ಐಷಾರಾಮದ ಹೋಟೆಲು ತೆರೆಯಿತು. ಇಲ್ಲಿ ಉಳಿಯುವವರು ಕೆತ್ತನೆಯನ್ನು ಮೆಚ್ಚುವಷ್ಟೇ ಗಮನವನ್ನು ಈ ಸಂಗತಿಗೂ ಕೊಡಬೇಕು. ಹಳೆಯ ಕಟ್ಟಡವನ್ನು ಉಳಿಸುವುದೆಂದರೆ ಅದರ ನೋವಿನ ಪುಟಗಳನ್ನೂ ಉಳಿಸುವುದು.

ವಿಸ್ತರಣೆಯ ವೇಗ ಹೆಚ್ಚಿದ್ದು 1960ರ ದಶಕದಲ್ಲಿ. ಬಿಸಿಲು ಹುಡುಕಿ ಬಂದ ಯೂರೋಪಿಯನ್ನರು ಕಡಲತೀರಗಳನ್ನು ತುಂಬಿದಾಗ, ಅವರಲ್ಲಿ ಕೆಲವರನ್ನಾದರೂ ಒಳನಾಡಿಗೆ ಕರೆಯಲು ಪರಾದೋರ್‌ಗಳ ಸಂಖ್ಯೆಯನ್ನು ಆ ಒಂದೇ ದಶಕದಲ್ಲಿ ಸರಿಸುಮಾರು ಇಮ್ಮಡಿಗೊಳಿಸಲಾಯಿತು. ಈ ಅವಸರಕ್ಕೆ ಬೆಲೆಯೂ ಇತ್ತು. ಆ ಕಾಲದ ಜೀರ್ಣೋದ್ಧಾರದಲ್ಲಿ ಹಳೆಯದು ಎಲ್ಲಿ ಮುಗಿಯಿತು, ಹೊಸದು ಎಲ್ಲಿ ಶುರುವಾಯಿತು ಎಂಬ ಗೆರೆಯನ್ನು ಬೇಕೆಂದೇ ಅಳಿಸಲಾಗುತ್ತಿತ್ತು. ಆಲಿವ್ ತೋಟಗಳ ಮೇಲೆ ಕಣ್ಣು ಹಾಯಿಸುವ ಹಾಯೆನ್‌ನ ಸಾಂತಾ ಕಾತಲಿನಾ ಗುಡ್ಡದ ಪರಾದೋರ್ ಮಧ್ಯಯುಗದ ಕೋಟೆಯಂತೆ ತೋರಿದರೂ, ಅದು ನಿಜವಾದ ಕೋಟೆಯ ಪಕ್ಕದಲ್ಲಿ 1960ರ ದಶಕದಲ್ಲಿ ಕಟ್ಟಿದ್ದು. ಅಧ್ಯಕ್ಷ ಪದವಿ ಬಿಟ್ಟ ಮೇಲೆ ಫ್ರಾನ್ಸಿನ ಡಿ ಗಾಲ್ 1970ರಲ್ಲಿ ಇಲ್ಲಿ ಉಳಿದು ತಮ್ಮ ಸ್ಮರಣೆಗಳನ್ನು ಬರೆಯುತ್ತಿದ್ದರು. ಮ್ಯಾಡ್ರಿಡ್‌ನ ಈಶಾನ್ಯಕ್ಕಿರುವ ಸಿಗ್ವೆನ್ಸಾದ ಬಿಷಪ್ಪರ ಕೋಟೆ ಯುದ್ಧದ ದಾಳಿಗೆ ಸಿಕ್ಕು ಹಾಳಾಗಿತ್ತು. ಈಗ ಕಾಣುವುದರಲ್ಲಿ ಹೆಚ್ಚಿನ ಭಾಗ ಮರಳಿ ಕಟ್ಟಿದ್ದು. ಶುದ್ಧತಾವಾದಿಗಳು ಇದನ್ನು ಒಪ್ಪುವುದಿಲ್ಲ. ಅವರ ಆಕ್ಷೇಪದಲ್ಲಿ ಹುರುಳಿದೆ. ಆದರೂ ಕಲ್ಲಿನ ರಾಶಿಯಾಗಿ ಕರಗಿಹೋಗುವುದಕ್ಕಿಂತ ಆ ಪುಟ್ಟ ಪಟ್ಟಣಕ್ಕೆ ಇದು ಲೇಸಾಯಿತು.

ಕಟಲೋನಿಯಾದ ಕಾರ್ದೋನಾ ಕೋಟೆಯಲ್ಲಿ ಅಂಥ ಅನುಮಾನಕ್ಕೆ ಎಡೆ ಕಡಿಮೆ. ಒಂಬತ್ತನೆಯ ಶತಮಾನದಲ್ಲಿ ಆರಂಭವಾದ ಈ ಕೋಟೆಯ ಕೆಳಗೇ ಉಪ್ಪಿನ ಬೆಟ್ಟವಿದೆ. ಉಪ್ಪು ಚಿನ್ನದಷ್ಟು ಬೆಲೆಬಾಳುತ್ತಿದ್ದ ಕಾಲದಲ್ಲಿ ಅದರ ಒಡೆಯರು ದೊರೆಗಳಿಗೆ ಸರಿಸಾಟಿಯಾಗಿ ಬದುಕಿದರು. 1714ರ ಸೆಪ್ಟೆಂಬರಿನಲ್ಲಿ ಬಾರ್ಸಿಲೋನಾ ಬಿದ್ದ ಮೇಲೂ ಕೆಲವು ದಿನ ಶರಣಾಗದೆ ನಿಂತದ್ದು ಈ ಕೋಟೆ. ಒಳಗಿನ ಹನ್ನೊಂದನೆಯ ಶತಮಾನದ ಚರ್ಚು ಅಲಂಕಾರವಿಲ್ಲದ, ಎತ್ತರದ, ಗಂಭೀರ ಕಟ್ಟಡ. ಆರ್ಸನ್ ವೆಲ್ಸ್ ತಮ್ಮ ಫಾಲ್‌ಸ್ಟಾಫ್ ಚಿತ್ರದ ಆಸ್ಥಾನದ ದೃಶ್ಯಗಳಿಗೆ ಇದನ್ನೇ ಆರಿಸಿಕೊಂಡರು.

ಪರಾದೋರ್‌ಗಳೆಲ್ಲ ಪ್ರಾಚೀನವಲ್ಲ. ಕೆಲವು ಕಡೆ ಜಾಗದ ಸೊಬಗೇ ಮುಖ್ಯ. ಕಾನರಿ ದ್ವೀಪಗಳ ತೆಯ್ದೆ ಜ್ವಾಲಾಮುಖಿಯ ರಾಷ್ಟ್ರೀಯ ಉದ್ಯಾನದಲ್ಲಿ, ಎರಡು ಸಾವಿರ ಮೀಟರಿಗೂ ಮೇಲೆ, ಇರುವ ಒಂದೇ ಹೋಟೆಲು ಪರಾದೋರ್. ಅಲ್ಲಿನ ಇರುಳ ಆಕಾಶ ನೋಡಲೆಂದೇ ಬರುವವರಿದ್ದಾರೆ. ರೊಂದಾದಲ್ಲಿ ಕಣಿವೆಯ ಅಂಚಿನ ಹಳೆಯ ಪುರಭವನ, ಕ್ವೆಂಕಾದಲ್ಲಿ ಬಂಡೆಗೆ ತೂಗುಬಿದ್ದಂತಿರುವ ಮನೆಗಳಿಗೆ ಎದುರಾದ ಮಠ ಹೋಟೆಲಾಗಿವೆ.

1991ರಿಂದ ಈ ಜಾಲವನ್ನು ನಡೆಸುತ್ತಿರುವುದು ಪೂರ್ತಿ ಸರ್ಕಾರಿ ಒಡೆತನದ ಕಂಪನಿ. ನೆರೆಯ ಪೋರ್ಚುಗಲ್ 1942ರಲ್ಲಿ ಪೊಸಾದಾ ಎಂಬ ಇದೇ ಬಗೆಯ ಹೋಟೆಲುಗಳನ್ನು ಆರಂಭಿಸಿ, 2003ರಲ್ಲಿ ಅವುಗಳ ಆಡಳಿತವನ್ನು ಖಾಸಗಿ ಗುಂಪಿಗೆ ಒಪ್ಪಿಸಿತು. ಸ್ಪೇನ್ ಹಾಗೆ ಮಾಡಲಿಲ್ಲ. ಅದಕ್ಕೂ ಕಷ್ಟದ ದಿನಗಳು ಬಂದವು: ಆರ್ಥಿಕ ಕುಸಿತದ ನಂತರ ನಷ್ಟ ಬೆಳೆದು, 2012ರಲ್ಲಿ ಉದ್ಯೋಗ ಕಡಿತದ ಯೋಜನೆ ಬಂದಾಗ ನೌಕರರು ಮುಷ್ಕರ ಹೂಡಿದರು. ಲಾಭದ ಲೆಕ್ಕವೊಂದನ್ನೇ ಹಿಡಿದರೆ ಸಣ್ಣ ಊರಿನ ಎಷ್ಟೋ ಪರಾದೋರ್‌ಗಳು ಎಂದೋ ಮುಚ್ಚಬೇಕಿತ್ತು. ಯುವಕರು ಊರು ಬಿಟ್ಟು ಖಾಲಿಯಾಗುತ್ತಿರುವ ಒಳನಾಡಿನಲ್ಲಿ ಅಡುಗೆಯವರಿಗೆ, ಕೊಠಡಿ ಶುಚಿ ಮಾಡುವವರಿಗೆ, ಸುತ್ತಲಿನ ತರಕಾರಿ ಬೆಳೆಗಾರರಿಗೆ, ಚೀಸ್, ವೈನ್ ತಯಾರಕರಿಗೆ ಸ್ಥಿರ ದುಡಿಮೆ ಕೊಡುವುದು ಇಂಥ ಹೋಟೆಲೊಂದೇ ಆಗಿರುವುದುಂಟು.

ಊಟದಲ್ಲಿ ಪ್ರಾದೇಶಿಕತೆಗೆ ಮೊದಲ ಸ್ಥಾನ: ಗಲೀಸಿಯಾದಲ್ಲಿ ಆಕ್ಟೋಪಸ್, ಕ್ಯಾಸ್ಟೀಲಿನಲ್ಲಿ ಒಲೆಯಲ್ಲಿ ಬೆಂದ ಕುರಿಮರಿ. ಸಸ್ಯಾಹಾರಿಗಳು ಟೊಮೆಟೊ ಹಾಕಿದ ತಣ್ಣನೆಯ ಗಸ್ಪಾಚೊ, ತರಕಾರಿ ಬೇಯಿಸಿದ ಪಿಸ್ತೊ, ಲಾ ಮಾಂಚಾದ ಚೀಸ್, ಬಾದಾಮಿಯ ಸಿಹಿಗಳನ್ನು ನೆಚ್ಚಿಕೊಳ್ಳಬಹುದು. ರಾತ್ರಿಯೂಟ ತಡವಾಗಿ ಶುರುವಾಗುವುದು ಆ ದೇಶದ ವಾಡಿಕೆ. ಕೊಠಡಿ ಹಿಡಿಯದವರೂ ಕಾಫಿಗೆಂದು ಒಳಹೋಗಿ ಅಂಗಳದಲ್ಲಿ ಕೂರಬಹುದು.

ದರ ಊರಿನಿಂದ ಊರಿಗೆ, ಋತುವಿನಿಂದ ಋತುವಿಗೆ ಬದಲಾಗುತ್ತದೆ. ಯುವಜನರಿಗೂ 55 ವರ್ಷ ದಾಟಿದವರಿಗೂ ರಿಯಾಯಿತಿಯ ಯೋಜನೆಗಳಿವೆ. ಗ್ರನಾಡಾಕ್ಕೆ ತಿಂಗಳುಗಳ ಮೊದಲೇ ಕಾಯ್ದಿರಿಸಬೇಕು. ಒಳನಾಡಿನ ಸಣ್ಣ ಪಟ್ಟಣಗಳಲ್ಲಿ ವಾರದ ನಡುವಿನ ದಿನಗಳಲ್ಲಿ ಜಾಗ ಸಿಗುವುದು ಸುಲಭ. ಲೆಯೊನ್, ಕ್ವೆಂಕಾಗಳಿಗೆ ಮ್ಯಾಡ್ರಿಡ್‌ನಿಂದ ವೇಗದ ರೈಲಿದೆ, ಸಿಗ್ವೆನ್ಸಾಕ್ಕೆ ಸಾಮಾನ್ಯ ರೈಲು ಹೋಗುತ್ತದೆ. ಕಾರ್ದೋನಾಕ್ಕೆ ರೈಲಿಲ್ಲ, ಬಾರ್ಸಿಲೋನಾದಿಂದ ಬಸ್ಸಿನಲ್ಲೋ ಕಾರಿನಲ್ಲೋ ತಲುಪಬೇಕು.