ಮೇಲಕ್ಕೆ ಬೀಳುವ ಆಟ

ಮೇಲಕ್ಕೆಸೆದ ಕಲ್ಲು ಕೆಳಗೇ ಬೀಳುತ್ತದೆ. ಬಸವಕಲ್ಯಾಣದ ಕೋಟೆಯಲ್ಲೂ ಅಷ್ಟೇ, ಹುಮನಾಬಾದಿನ ಬಸ್ ನಿಲ್ದಾಣದಲ್ಲೂ ಅಷ್ಟೇ. ಆದರೆ ಮಕ್ಕಳೇ, ಕಂಪ್ಯೂಟರ್ ಆಟದೊಳಗೆ ಈ ನಿಯಮವನ್ನು ನೀವೇ ತಿದ್ದಬಹುದು!

2010ರಲ್ಲಿ ಟೆರಿ ಕ್ಯಾವನಾ ಎಂಬುವರು ಒಂದು ಆಟ ಹೊರತಂದರು. ಇಂಗ್ಲಿಷಿನ ‘ವಿ’ ಅಕ್ಷರವನ್ನು ಆರು ಸಲ ಬರೆದರೆ ಅದೇ ಅದರ ಹೆಸರು. ಇದರಲ್ಲಿ ಜಿಗಿತವೇ ಇಲ್ಲ. ಗುಂಡಿ ಒತ್ತಿದರೆ ನಾಯಕ ಮೇಲಕ್ಕೆ ‘ಬಿದ್ದು’, ಛಾವಣಿಯಲ್ಲಿ ತಲೆಕೆಳಗಾಗಿ ನಿಲ್ಲುತ್ತಾನೆ. ಮತ್ತೆ ಒತ್ತಿದರೆ ನೆಲಕ್ಕೆ. 2011ರಲ್ಲಿ ಆಟಗಾರರೇ ಹೊಸ ಹಂತ ಕಟ್ಟುವ ಸೌಲಭ್ಯವೂ ಸೇರಿತು. ಹುಮನಾಬಾದಿನಲ್ಲಿ ಒಂಬತ್ತನೇ ತರಗತಿ ಓದುವ ನನ್ನ ಮೊಮ್ಮಗ ಅದರಲ್ಲಿ ‘ಕೋಟೆ’ ಎಂಬ ಹಂತ ಕಟ್ಟಿದ್ದಾನೆ.

ಗುರುತ್ವ ತಿರುಗುವುದು ಹೇಗೆ? ಬ್ಯಾಂಕಿನಲ್ಲಿ ಲೆಡ್ಜರ್ ಬರೆದ ನನಗೆ ಅದು ಹೀಗೆ ಅರ್ಥವಾಯಿತು: ವೇಗವೆಂದರೆ ಖಾತೆಯ ಬ್ಯಾಲೆನ್ಸ್. ಇಂಥ ಆಟಗಳಲ್ಲಿ ಕಂಪ್ಯೂಟರ್ ಸಾಮಾನ್ಯವಾಗಿ ಸೆಕೆಂಡಿಗೆ 30 ಇಲ್ಲವೇ 60 ಸಲ ಆ ಖಾತೆಗೆ ಗುರುತ್ವದ ಕಂತು ಕೂಡಿಸುತ್ತದೆ. ಕಂತು 2 ಆದರೆ ವೇಗ 2, 4, 6. ನಾಯಕ ಕೆಳಗೆ ಬೀಳುತ್ತಾನೆ. ಕೂಡಿಸುವ ಬದಲು ಕಳೆದರೆ ಮೈನಸ್ 2, ಮೈನಸ್ 4; ಅವನು ಮೇಲೆ ಹೋಗುತ್ತಾನೆ. ಬದಲಾದದ್ದು ಒಂದೇ ಒಂದು ಚಿಹ್ನೆ!

ಕಷ್ಟವಿರುವುದು ಕಟ್ಟೆಗಳನ್ನು ಜೋಡಿಸುವುದರಲ್ಲಿ. ಈ ಆಟದಲ್ಲಿ ಕಾಲು ಊರಿದಾಗ ಮಾತ್ರ ಗುಂಡಿ ಕೆಲಸ ಮಾಡುತ್ತದೆ, ಗಾಳಿಯಲ್ಲಿದ್ದಾಗ ಹಿಂತಿರುಗಲಾಗದು. ಹಾಗಾಗಿ ಪ್ರತಿ ಕಟ್ಟೆಗೂ ಎರಡು ಮುಖ: ಮೇಲೆ ನಿಲ್ಲಬಹುದು, ಅಡಿಯಲ್ಲೂ ನಿಲ್ಲಬಹುದು.

ದೀಪಾವಳಿ ರಜೆಗೆ ಬಂದಾಗ ಅವನು ನಾಲ್ಕನೇ ತರಗತಿಯ ತಂಗಿಗೆ ಹಂತ ಆಡಲು ಕೊಟ್ಟ. ಅವಳು ಗುಂಡಿ ಒತ್ತಿದಳು. ಮೇಲಿನ ಕೋಣೆ ಪರದೆಯ ಆಚೆಗಿತ್ತು. ಅಲ್ಲಿ ಬರೀ ಮುಳ್ಳು. ಹತ್ತು ಸಲವೂ ಹಾಗೇ ಆಯಿತು.

“ಅಣ್ಣಾ, ಇದು ಆಟ ಅಲ್ಲ, ಮೋಸ ಅದ” ಎಂದು ಎದ್ದುಹೋದಳು.

“ಕಠಿಣ ಇರಬೇಕಲ್ಲ ಮುತ್ಯಾ?” ಎಂದ ಅವನು.

“ಕಠಿಣ ಇರಲಿ. ಆದರ ಮುಂದೇನದ ಅಂತ ಮೊದಲೇ ಕಾಣಬೇಕು. ಬಡ್ಡಿ ಎಷ್ಟಂತ ಹೇಳದೆ ಸಾಲದ ಕಾಗದಕ್ಕ ಸಹಿ ಹಾಕಿಸಿಕೊಂಡಂಗ ಆಯ್ತಿದು” ಎಂದೆ.

ಎರಡು ದಿನ ಕೂತು ತಿದ್ದಿದ. ಮೊದಲ ಕೋಣೆಯಲ್ಲಿ ಮುಳ್ಳೇ ಇಲ್ಲ, ತಲೆಕೆಳಗಾಗಿ ನಡೆಯುವ ಅಭ್ಯಾಸ ಮಾತ್ರ. ಎರಡನೆಯದರಲ್ಲಿ ಕಣ್ಣಿಗೆ ಕಾಣುವ ಮುಳ್ಳು. ಕಠಿಣ ಕೋಣೆ ಮೂರನೆಯದು. ಅದರ ಬಾಗಿಲಲ್ಲೇ ಚೆಕ್‌ಪಾಯಿಂಟ್, ಸೋತವರು ಅಲ್ಲಿಂದಲೇ ಮತ್ತೆ ಶುರುಮಾಡಬಹುದು.

ತಂಗಿ ಆಗಲೂ ಸೋತಳು, ಮೊದಲಿಗಿಂತ ಹೆಚ್ಚು ಸಲ. ಆದರೆ ಊಟಕ್ಕೆ ಕರೆದರೂ ಏಳಲಿಲ್ಲ!

ಅಜ್ಜ-ಅಜ್ಜಿಯರೇ, ಮೊಮ್ಮಕ್ಕಳು ಆಟ ಕಟ್ಟಿದರೆ ಪಕ್ಕದಲ್ಲಿ ಕೂತು ಆಡಿ ನೋಡಿ. ಮಕ್ಕಳೇ, ಅವರು ಎಡವಿದಾಗ ನಗಬೇಡಿ. ಎಲ್ಲಿ ಎಡವಿದರೆಂದು ಬರೆದಿಟ್ಟುಕೊಳ್ಳಿ. ತಿದ್ದಬೇಕಾದ ಜಾಗ ಅದೇ.