ರಕ್ತ ಹೇಳುವ ಮೂಳೆಯ ಲೆಕ್ಕ

ನಮ್ಮ ವೈದ್ಯಗ್ರಂಥಗಳು ಸಪ್ತಧಾತುಗಳನ್ನು ಎಣಿಸುವಾಗ ಅಸ್ಥಿಯ ಮಗ್ಗುಲಲ್ಲೇ ಮಜ್ಜೆಯನ್ನು ಇಡುತ್ತವೆ. ಈ ನೆರೆಹೊರೆ ಕೆಟ್ಟರೆ ಏನಾಗುವುದೆಂಬುದಕ್ಕೆ ಮಲ್ಟಿಪಲ್ ಮೈಲೋಮಾ ಎಂಬ ರಕ್ತದ ಕ್ಯಾನ್ಸರು ಒಳ್ಳೆಯ ನಿದರ್ಶನ. ರೋಗ ಹುಟ್ಟುವುದು ಮಜ್ಜೆಯಲ್ಲಿರುವ ಪ್ಲಾಸ್ಮಾ ಜೀವಕಣಗಳಲ್ಲಿ; ನೋವು ಕಾಣಿಸುವುದು ಬೆನ್ನುಮೂಳೆಯಲ್ಲಿ, ಪಕ್ಕೆಲುಬಿನಲ್ಲಿ. ಹೆಚ್ಚಾಗಿ ಅರವತ್ತು ದಾಟಿದವರಿಗೆ ಬರುವ ರೋಗವಾದ್ದರಿಂದ, ‘ವಯಸ್ಸಾಯಿತು, ಬೆನ್ನು ನೋಯದೆ ಇದ್ದೀತೆ’ ಎಂದು ಎಣ್ಣೆ ತಿಕ್ಕಿಕೊಂಡು ತಿಂಗಳುಗಟ್ಟಲೆ ಕಳೆಯುವವರುಂಟು.

ಮೂಳೆಯನ್ನು ನಾವು ಕಲ್ಲಿನಂತೆ ಜಡವೆಂದು ತಿಳಿಯುತ್ತೇವೆ. ಅದು ಹಾಗಲ್ಲ. ಆಸ್ಟಿಯೋಕ್ಲಾಸ್ಟ್ ಎಂಬ ಜೀವಕಣಗಳು ಹಳೆಯ ಮೂಳೆಯನ್ನು ಕೆಡವುತ್ತಿರುತ್ತವೆ. ಆಸ್ಟಿಯೋಬ್ಲಾಸ್ಟ್ ಎಂಬವು ಅದೇ ಜಾಗದಲ್ಲಿ ಹೊಸದನ್ನು ಕಟ್ಟುತ್ತವೆ. (ಈ ಗ್ರೀಕ್ ಹೆಸರುಗಳ ಮೊದಲ ಭಾಗವೂ ನಮ್ಮ ‘ಅಸ್ಥಿ’ಯೂ ಒಂದೇ ಬೇರಿನ ಚಿಗುರುಗಳೆಂಬುದು ಭಾಷಾಭ್ಯಾಸಿಗಳಿಗೆ ಸಂತೋಷ ಕೊಡುವ ವಿಷಯ.) ಆರೋಗ್ಯವಿರುವಾಗ ಎರಡೂ ಕೆಲಸಗಳು ಜೊತೆಜೊತೆಯಾಗಿ ಸಾಗುತ್ತವೆ. ಮೈಲೋಮಾ ಈ ಜೊತೆಯನ್ನೇ ಮುರಿಯುತ್ತದೆ: ಕೆಡವುವವುಗಳಿಗೆ ಹುರುಪು, ಕಟ್ಟುವವುಗಳಿಗೆ ಕೈಕಟ್ಟು.

ಮನೆ ಕೆಡವಿದಾಗ ಮಣ್ಣು ಬೀದಿಗೆ ಬೀಳುವಂತೆ, ಮೂಳೆ ಕರಗಿದಾಗ ಅದರ ಕೊಲಾಜನ್ ಚೂರುಗಳು ರಕ್ತಕ್ಕೆ ಬರುತ್ತವೆ. ಇದನ್ನು ಅಳೆಯುವುದೇ ಸಿಟಿಎಕ್ಸ್ ಪರೀಕ್ಷೆ. ಕಟ್ಟುವ ಕೆಲಸದ ಗುರುತುಗಳು ಬೇರೆ: ಪಿ1ಎನ್‌ಪಿ ಮತ್ತು ಮೂಳೆಯ ಆಲ್ಕಲೈನ್ ಫಾಸ್ಫಟೇಸ್. ಮೈಲೋಮಾದಲ್ಲಿ ಸಿಟಿಎಕ್ಸ್ ಏರಿದ್ದರೂ ಇವು ಅದಕ್ಕೆ ತಕ್ಕಂತೆ ಏರುವುದಿಲ್ಲ. ಖರ್ಚು ಬೆಳೆದು ಜಮೆ ನಿಂತ ಲೆಕ್ಕವಿದು. ಸಾಧಾರಣ ಎಕ್ಸರೇಯಲ್ಲಿ ಸವೆತ ಕಾಣಬೇಕಾದರೆ ಆ ಜಾಗದ ಮೂಳೆಯ ಸುಮಾರು ಮೂರನೆಯ ಒಂದು ಭಾಗವಾದರೂ ಹೋಗಿರಬೇಕು. ರಕ್ತ ಅಷ್ಟು ಕಾಯಿಸುವುದಿಲ್ಲ.

ಆದರೆ ಈ ಅಂಕಿಗಳನ್ನು ಓದುವುದಕ್ಕೂ ಒಂದು ವ್ಯಾಕರಣವಿದೆ. ಸಿಟಿಎಕ್ಸ್ ಬೆಳಗಿನ ಜಾವ ಹೆಚ್ಚು, ಊಟವಾದ ಮೇಲೆ ಕಡಮೆ; ಆದುದರಿಂದ ಬೆಳಿಗ್ಗೆ ಬರಿಹೊಟ್ಟೆಯಲ್ಲೇ ರಕ್ತ ಕೊಡಬೇಕು. ಮೂತ್ರಪಿಂಡ ಸೋತಿದ್ದರೆ ಚೂರುಗಳು ಹೊರಹೋಗದೆ ರಕ್ತದಲ್ಲೇ ನಿಲ್ಲುತ್ತವೆ, ಮೈಲೋಮಾವಾದರೋ ಮೂತ್ರಪಿಂಡವನ್ನೂ ಕೆಡಿಸುವ ರೋಗ. ಇತ್ತೀಚೆಗೆ ಮೂಳೆ ಮುರಿದಿದ್ದರೂ ಅಂಕಿ ಏರುತ್ತದೆ. ಯಾವ ಮೂಳೆ ಸವೆಯುತ್ತಿದೆ ಎಂಬುದನ್ನು ರಕ್ತ ಹೇಳದು. ಅದಕ್ಕೆ ಸಿಟಿ, ಎಂಆರ್‌ಐ ಚಿತ್ರಗಳೇ ಬೇಕು. ರೋಗ ಇದೆಯೇ ಇಲ್ಲವೇ ಎಂಬ ತೀರ್ಮಾನವೂ ಈ ಗುರುತುಗಳದ್ದಲ್ಲ. ಅದು ರಕ್ತದ ಪ್ರೋಟೀನು ಮತ್ತು ಮಜ್ಜೆಯ ಪರೀಕ್ಷೆಗಳ ಕೆಲಸ. ಒಬ್ಬನೇ ರೋಗಿಯ ಹಿಂದಿನ ಅಂಕಿಯನ್ನೂ ಇಂದಿನದನ್ನೂ ಹೋಲಿಸಿದಾಗ ಇವುಗಳ ಬೆಲೆ ತಿಳಿಯುತ್ತದೆ. ಜೋಲೆಡ್ರಾನಿಕ್ ಆಮ್ಲದಂಥ ಔಷಧ ಕೊಟ್ಟ ಮೇಲೆ ಸಿಟಿಎಕ್ಸ್ ಇಳಿದರೆ, ಕೆಡವುವ ಕೈ ತಡೆದಿದೆ ಎಂದರ್ಥ. ಈ ಔಷಧ ಹಿಡಿಯುವ ಮುನ್ನ ಹಲ್ಲಿನ ವೈದ್ಯರನ್ನು ಕಂಡಿರಬೇಕು. ಅಪರೂಪಕ್ಕೆ ದವಡೆಯ ಮೂಳೆ ಹುಣ್ಣಾಗಿ ಕೆಡುವುದುಂಟು.

ಸಿಟಿಎಕ್ಸ್ ಎಲ್ಲ ಊರುಗಳಲ್ಲೂ ದೊರೆಯದು. ಸಣ್ಣ ಪ್ರಯೋಗಾಲಯದಲ್ಲೂ ಆಗುವುದು ರಕ್ತದ ಕ್ಯಾಲ್ಸಿಯಂ ಪರೀಕ್ಷೆ. ಮೂಳೆನೋವೆಂದರೆ ಅಂಗಡಿಯಿಂದ ಕ್ಯಾಲ್ಸಿಯಂ ಮಾತ್ರೆ ತಂದು ನುಂಗುವ ನಮ್ಮ ಅಭ್ಯಾಸ ಇಲ್ಲಿ ಅಪಾಯಕರ, ಏಕೆಂದರೆ ಕರಗಿದ ಮೂಳೆಯಿಂದಲೇ ರಕ್ತದಲ್ಲಿ ಕ್ಯಾಲ್ಸಿಯಂ ಮಿತಿಮೀರಿರಬಹುದು. ಬೆನ್ನುನೋವಿನ ಜೊತೆಗೆ ತಣಿಯದ ಬಾಯಾರಿಕೆ, ಮಲಬದ್ಧತೆ, ಮಂಕುಬಡಿದಂತಹ ಮಾತು ಕಂಡರೆ ಮಾತ್ರೆ ನಿಲ್ಲಿಸಿ, ಅಂದೇ ವೈದ್ಯರಲ್ಲಿಗೆ ಕರೆದೊಯ್ಯಬೇಕು.